ಗಡಿಯಾರದ ಗುಟ್ಟೂ ವಿದ್ಯಾದಾನವೂ

ಹಳೆಯ ಕೈಗಡಿಯಾರಗಳನ್ನು ಸಂಗ್ರಹಿಸುವ ಅಭಿರುಚಿಯು ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರುಗಳ ಕೆಲವು ಮನೆಗಳಲ್ಲಿಯೂ ತಲೆದೋರಿದೆ. ಅಭಿರುಚಿಯೇನೋ ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಬಂದಿರುವ ಜಿಪುಣತನವನ್ನು ಕಂಡೂ ಸುಮ್ಮನಿರುವುದು, ಪಾಠ ಹೇಳುವುದರಲ್ಲಿಯೇ ತಲೆ ನರೆಸಿಕೊಂಡ ನನ್ನಂಥವನಿಗೆ ಆಗದು.

ಕಳೆದ ಬೇಸಗೆಯಲ್ಲಿ ಹನೂರಿನ ಹುಡುಗನೊಬ್ಬನು ತನ್ನ ಅಜ್ಜನ ಎಚ್.ಎಂ.ಟಿ. ಜನತಾ ಗಡಿಯಾರವನ್ನು ಸಂಗ್ರಾಹಕರೊಬ್ಬರ ಬಳಿಗೆ ಒಯ್ದನು. ಜೊತೆಯಲ್ಲಿ ನಾನೂ ಇದ್ದೆನು. ಮುಖಫಲಕವು ಕಾರ್ಖಾನೆಯದೋ, ಆಮೇಲೆ ಬಣ್ಣ ಬಳಿದದ್ದೋ ತಿಳಿಯುವುದು ಹೇಗೆಂದು ಹುಡುಗನು ಕೇಳಿದನು. “ನಾವು ದುಡ್ಡು ಕಳೆದುಕೊಂಡು ಕಲಿತೆವು, ನೀನೂ ಹಾಗೆಯೇ ಕಲಿ” ಎಂದು ಉತ್ತರ ಬಂದಿತು. ಮರುಕ್ಷಣವೇ, “ಬೇಕಾದರೆ ಇನ್ನೂರು ರೂಪಾಯಿಗೆ ನನಗೇ ಕೊಟ್ಟುಬಿಡು” ಎಂದರು. ಅದೇ ಗಡಿಯಾರವನ್ನು ಪೇಟೆಯ ವೃದ್ಧ ರಿಪೇರಿಯವರಿಗೆ ತೋರಿಸಿದೆವು. ಅವರು ಭೂತಗನ್ನಡಿಯನ್ನು ಹುಡುಗನ ಕೈಗೇ ಕೊಟ್ಟು, ಎರಡು ಫಲಕಗಳನ್ನು ಪಕ್ಕಪಕ್ಕದಲ್ಲಿರಿಸಿ, ಕಾರ್ಖಾನೆಯ ಅಕ್ಷರದ ಅಂಚು ಎಷ್ಟು ನಯ, ಆಮೇಲೆ ಬಳಿದ ಅಕ್ಷರದ್ದು ಎಷ್ಟು ಒರಟು ಎಂಬುದನ್ನು ತೋರಿಸಿದರು. ಅದಕ್ಕಾಗಿ ಒಂದು ಕಾಸನ್ನೂ ಕೇಳಲಿಲ್ಲ. ಇವರಿಬ್ಬರಲ್ಲಿ ಗಡಿಯಾರವನ್ನು ಪ್ರೀತಿಸುವವರು ಯಾರೆಂಬುದನ್ನು ವಾಚಕರೇ ಹೇಳಲಿ.

1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಮೊದಲಾಗಿ, 1978ರಲ್ಲಿ ತುಮಕೂರಿಗೂ ಹಬ್ಬಿದ ಎಚ್.ಎಂ.ಟಿ. ಗಡಿಯಾರದ ಉದ್ಯಮವನ್ನು ಮುಚ್ಚಲು ಕೇಂದ್ರ ಮಂತ್ರಿಮಂಡಲವು 2016ರ ಜನವರಿಯಲ್ಲಿ ಒಪ್ಪಿತು. ಇನ್ನು ಬಿಡಿಭಾಗಗಳು ದೊರೆಯುವುದು ಬಹುಮಟ್ಟಿಗೆ ಕೆಟ್ಟುಹೋದ ಮತ್ತೊಂದು ಗಡಿಯಾರದಿಂದಲೇ. ರಿಪೇರಿ ಬಲ್ಲವರೋ ಮುಪ್ಪಿನವರು. ಹೀಗಿರುವಾಗ ಬಲ್ಲವನು ಬಾಯಿ ಮುಚ್ಚಿದರೆ ವಿದ್ಯೆಯೂ ಅವನೊಡನೆಯೇ ಮುಗಿಯುತ್ತದೆ.

“ಗುಟ್ಟು ಹೇಳಿಕೊಟ್ಟರೆ ಕಲಿತವನೇ ನಾಳೆ ಕೂಟಗಡಿಯಾರ ಮಾರುವನು” ಎಂಬ ಆಕ್ಷೇಪವುಂಟು. ಮೋಸಗಾರನಿಗೆ ಆ ಗುಟ್ಟು ಆಗಲೇ ತಿಳಿದಿದೆ. ತಿಳಿಯದಿರುವುದು ಮೋಸಹೋಗುವವನಿಗೆ ಮಾತ್ರ. ಮೌನವು ಕಾಪಾಡುವುದು ಕಳ್ಳನನ್ನೇ ಹೊರತು ಹುಡುಗನನ್ನಲ್ಲ. “ಕಷ್ಟಪಟ್ಟು ಕಲಿತದ್ದನ್ನು ಬಿಟ್ಟಿಯಾಗಿ ಏಕೆ ಕೊಡಬೇಕು?” ಎಂಬುದು ಇನ್ನೊಂದು. ನಾನು ಓದಿದ ಪಾಠಶಾಲೆಯಲ್ಲಿ ಹಿರಿಯ ವಿದ್ಯಾರ್ಥಿಯು ಕಿರಿಯನಿಗೆ ಸಂಥೆ ಹೇಳಿಕೊಡದೆ ತನ್ನ ಮುಂದಿನ ಪಾಠಕ್ಕೆ ಕೂರುವಂತಿರಲಿಲ್ಲ. ಕೊಳ್ಳೇಗಾಲದ ರೇಷ್ಮೆಯ ಮಗ್ಗಗಳಲ್ಲಿಯೂ ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತೇ ಎಳೆಯ ಹದವನ್ನು ಅರಿತದ್ದು. ದುಡ್ಡು ಕಳೆದುಕೊಂಡೇ ಕಲಿಯಬೇಕೆಂಬ ವಿಧಿಯು ಯಾವ ಗುರುಕುಲದ್ದು?

ಜನತಾ ಗಡಿಯಾರದೊಳಗೆ 17 ಕಲ್ಲುಗಳಿರುವುದು ತಿರುಗುವ ಅಚ್ಚುಗಳ ಸವೆತವನ್ನು ತಗ್ಗಿಸಲೆಂದು. ಹಾಗಿದ್ದರೂ ಎಣ್ಣೆ ಬೇಕು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದರೆ ಆ ಎಣ್ಣೆಯು ಅಂಟಾಗಿ ಗಡಿಯಾರವು ನಿಲ್ಲುತ್ತದೆ. ಐವತ್ತು ಗಡಿಯಾರಗಳನ್ನು ಬೀರುವಿನಲ್ಲಿ ಪೂಜೆಗಿಟ್ಟಿರುವ ಮಹನೀಯರು ಇದನ್ನು ನೆನೆಯಲಿ. ಪ್ರತಿಯೊಬ್ಬರೂ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಬಳಿಯಲ್ಲಿ ಕೂರಿಸಿಕೊಂಡು ಒಂದು ಗಡಿಯಾರವನ್ನು ಬಿಚ್ಚಿ ತೋರಿಸಲಿ. ಮಿಕ್ಕ ಬಿಡಿಭಾಗವನ್ನು ಬೇಕಾದವರಿಗೆ ಕೊಡಲಿ. ಹನೂರಿನ ಹುಡುಗನು ಅಜ್ಜನ ಗಡಿಯಾರವನ್ನು ಮಾರಲಿಲ್ಲ. ಈಗ ಭಾನುವಾರಗಳಂದು ಆ ವೃದ್ಧರ ಅಂಗಡಿಯಲ್ಲಿ ಕುಳಿತು ಕೆಲಸ ಕಲಿಯುತ್ತಿದ್ದಾನೆ.