ಹಿತ್ತಲ ಕೋಳಿ, ಕೆರೆಯ ಹಕ್ಕಿ, ಗೊಬ್ಬರದ ಲಾರಿ

ನಮ್ಮ ಟೇಕಲ್ ಸೀಮೆಯಲ್ಲಿ ಕಾಫಿ ಇಲ್ಲ. ಅಡಿಕೆಯೂ ಅಲ್ಲೊಂದು ಇಲ್ಲೊಂದು, ಕೊಳವೆಬಾವಿ ನಂಬಿದ್ದು. ಆದರೂ ಮಲೆನಾಡಿನ ಬೆಳೆಗಾರ ಬಂಧುಗಳಿಗೆ ಇಲ್ಲಿಂದ ನಾಲ್ಕು ಮಾತು ಬರೆಯಲು ಕಾರಣವಿದೆ. ಬಯಲುಸೀಮೆಯ ಕೋಳಿ ಫಾರಂಗಳ ಗೊಬ್ಬರ ಲಾರಿ ಹತ್ತಿ ಬರುವುದು ತಮ್ಮ ತೋಟಗಳಿಗೇ.

೨೦೨೫ರ ಫೆಬ್ರವರಿ ಕೊನೆಯಲ್ಲಿ ನಮ್ಮ ನೆರೆಯ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತು. ಅದು ಮೊದಲು ಸಿಕ್ಕಿದ್ದು ದೊಡ್ಡ ಫಾರಂನಲ್ಲಲ್ಲ, ಮನೆಯ ಹಿತ್ತಲಿನ ಕೋಳಿಗಳಲ್ಲಿ. ಊರಿನ ಕೋಳಿಗಳನ್ನೆಲ್ಲ ಕೊಂದು ಹೂಳಬೇಕಾಯಿತು. ೨೦೧೨ರಲ್ಲಿ ಹೆಸರಘಟ್ಟದ ಸರ್ಕಾರಿ ಕೇಂದ್ರದ ಟರ್ಕಿ ಕೋಳಿಗಳಿಗೇ ಈ ಜಾಡ್ಯ ತಗುಲಿತ್ತೆಂದ ಮೇಲೆ ನಮ್ಮ ನಿಮ್ಮ ಹಿತ್ತಲಿನ ಪಾಡೇನು?

ಕಾಡುಬಾತುಗಳು ಈ ವೈರಸ್ಸನ್ನು ಎಷ್ಟೋ ಸಲ ತಾವು ಕಾಯಿಲೆ ಬೀಳದೆಯೇ ಹೊತ್ತು ತಿರುಗುತ್ತವೆ. ಹಿಕ್ಕೆಯಲ್ಲಿ ಬಿಟ್ಟು ಹೋಗುತ್ತವೆ. ೨೦೧೮ರಿಂದ ಕೆ.ಸಿ. ವ್ಯಾಲಿಯ ಶುದ್ಧೀಕರಿಸಿದ ನೀರು ಬಂದು ಕೋಲಾರ ಜಿಲ್ಲೆಯ ಒಣಗಿದ್ದ ಅನೇಕ ಕೆರೆಗಳಲ್ಲಿ ನೀರು ನಿಂತಿದೆ. ನೀರಿದ್ದಲ್ಲಿ ಹಕ್ಕಿ ಬಂದೇ ಬರುತ್ತದೆ. ಅದು ಸಂತೋಷದ ಸಂಗತಿಯೇ. ಹಕ್ಕಿಗಳನ್ನು ಹೊಡೆದೋಡಿಸಿರೆಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಅದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ಬೆದರಿದ ಹಿಂಡು ಇನ್ನೊಂದು ಊರಿನ ಕೆರೆಗೆ ಇಳಿಯುವುದಷ್ಟೆ. ನಾವು ತಡೆಯಬೇಕಾದದ್ದು ಕೋಳಿಯನ್ನು. ಕೆರೆಯಂಚಿಗೆ ಬಿಡಬೇಡಿ, ಕೊಳವೆಬಾವಿಯ ನೀರು ಕುಡಿಸಿ, ಕಾಳನ್ನು ಅಂಗಳದಲ್ಲಿ ಎರಚದೆ ಸೂರಿನಡಿ ಹಾಕಿ. ಕೆರೆಯಲ್ಲಿ ತುಳಿದ ಚಪ್ಪಲಿ ಗೂಡಿನೊಳಕ್ಕೆ ಬರಬಾರದು. ಹಳೆಯ ಮೀನುಬಲೆಯೊಂದನ್ನು ಗೂಡಿನ ಸುತ್ತ ಕಟ್ಟಿದರೆ ಕಾಗೆಯೂ ದೂರ.

ಗೊಬ್ಬರದ ಮಾತು. ತಂಪಿನಲ್ಲಿ ಹಿಕ್ಕೆಯೊಳಗಿನ ವೈರಸ್ ವಾರಗಟ್ಟಲೆ ಬದುಕುತ್ತದೆ. ಕಾಫಿ ತೋಟದ ನೆರಳಿಗಿಂತ ತಂಪು ಇನ್ನೆಲ್ಲಿ? ಹಸಿ ಕೋಳಿಗೊಬ್ಬರವನ್ನು ನೇರವಾಗಿ ಬುಡಕ್ಕೆ ಸುರಿಯುವುದು ಹೇಗೂ ಬೇರಿಗೆ ಕೆಡುಕು. ರಾಶಿ ಹಾಕಿ, ತೇವ ಮಾಡಿ, ಹೊದಿಸಿ ಚೆನ್ನಾಗಿ ಕಳಿಸಿದರೆ ಒಳಗಿನ ಕಾವಿಗೆ ವೈರಸ್ ನಾಶವಾಗುತ್ತದೆ. ರಾಶಿಯ ಹತ್ತಿರ ಮನೆಯ ಕೋಳಿ ಕೆದಕದಿರಲಿ. ಲಾರಿ ಎಲ್ಲಿಂದ ಬಂತೆಂದು ವ್ಯಾಪಾರಿಯನ್ನು ಕೇಳಲು ಸಂಕೋಚವೇಕೆ?

ಕೋಳಿ ಸತ್ತರೆ "ಕೊಕ್ಕರೆ ರೋಗ" ಎಂದು ಸುಮ್ಮನಾಗುವುದು ನಮ್ಮ ವಾಡಿಕೆ. ನೋಡಲು ಎರಡೂ ಒಂದೇ ಬಗೆ. ಹಕ್ಕಿಜ್ವರವೋ ಅಲ್ಲವೋ ಎಂದು ಖಚಿತವಾಗಿ ಹೇಳಬಲ್ಲದ್ದು ಭೋಪಾಲದ ಪ್ರಯೋಗಾಲಯ. ಕೊಕ್ಕರೆ ರೋಗಕ್ಕೆ ಲಸಿಕೆಯುಂಟು, ಹಾಕಿಸಿ. ಎಚ್‌೫ಎನ್‌೧ ಹಕ್ಕಿಜ್ವರಕ್ಕೆ ನಮ್ಮ ದೇಶದಲ್ಲಿ ಲಸಿಕೆ ಹಾಕುವ ಪದ್ಧತಿಯಿಲ್ಲ. ಒಟ್ಟಿಗೆ ನಾಲ್ಕಾರು ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಿ. ಉಳಿದವನ್ನು ಸಂತೆಗೆ ಸಾಗಿಸುವುದು, ಸಾಯಲಿದ್ದ ಕೋಳಿಯನ್ನು ಅಗ್ಗಕ್ಕೆ ನೆರೆಯವರಿಗೆ ಕೊಡುವುದು ಪಾಪದ ಕೆಲಸ. ಈ ಜ್ವರ ಅಪರೂಪಕ್ಕೆ ಮನುಷ್ಯರಿಗೂ ತಗುಲುತ್ತದೆ. ೨೦೨೫ರ ಮಾರ್ಚ್‌ನಲ್ಲಿ ಆಂಧ್ರದಲ್ಲಿ ಒಂದು ಮಗು ತೀರಿಕೊಂಡಿತು. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆಗೆ ಹೆದರಬೇಕಿಲ್ಲ.

ಬಡವರು ಮುಚ್ಚಿಡುವುದೇಕೆಂದು ಸರ್ಕಾರವೂ ಯೋಚಿಸಬೇಕು. ಇಲಾಖೆಯವರು ಕೊಂದ ಕೋಳಿಗೆ ಪರಿಹಾರವುಂಟು. ಅವರು ಬರುವ ಮುನ್ನ ಸತ್ತದ್ದಕ್ಕೆ ಇಲ್ಲ. ಮೊದಲು ಬಾಯಿಬಿಟ್ಟ ಮನೆಯವರಿಗೇ ಹೆಚ್ಚು ನಷ್ಟ. ಹತ್ತು ಕೋಳಿಯೇ ಗಂಟಾಗಿರುವ ಹೆಂಗಸು ಯಾವ ಧೈರ್ಯದ ಮೇಲೆ ವೈದ್ಯರಿಗೆ ಹೇಳಿಕಳಿಸಬೇಕು? ತಿಳಿಸಿದ ದಿನ ಸತ್ತಿದ್ದ ಕೋಳಿಗಳಿಗೂ ಬೆಲೆ ಕಟ್ಟಿಕೊಡುವಂತೆ ನಮ್ಮ ಸಹಕಾರ ಸಂಘಗಳು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಠರಾವು ಮಾಡಿ ಪಶುಸಂಗೋಪನಾ ಇಲಾಖೆಗೆ ಕಳಿಸಲಿ.