ಎಷ್ಟು ಕೊಡುತ್ತೆ ಅಂತ ಕೇಳ್ತೀರಿ, ಏನು ಕುಡಿಸ್ತೀರಿ?

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಹಳೇ ಮಾರುತಿ 800 ಒಂದು ಮಾರಾಟಕ್ಕಿದೆಯಂತೆ. ಮಗಳಿಗೆ ಡ್ರೈವಿಂಗ್ ಕಲಿಸೋಕೆ ತಗೊಳ್ಳೋಣ ಅಂತಿದೀನಿ, ಇಂಜಿನ್ ಹೇಗೆ, ಏನೇನು ತೊಂದರೆ ಬರುತ್ತೆ ಅಂತ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವನದೇ ಮುಂದಿನ ಪ್ರಶ್ನೆ: "ಎಷ್ಟು ಕೊಡುತ್ತೆ?"

ನಮ್ಮಲ್ಲಿ ಕಾರಿನ ಬಗ್ಗೆ ಇದೊಂದೇ ಪ್ರಶ್ನೆ. ಹೆಣ್ಣು ನೋಡೋಕೆ ಹೋದವರು ಹಿಂದೆಲ್ಲ "ಹಾಡು ಬರುತ್ತಾ?" ಅಂತ ಕೇಳುತ್ತಿದ್ದರಲ್ಲ, ಹಾಗೆ. ಹಾಡು ಬಂದರೆ ಸಂಸಾರ ನಡೆಯುತ್ತೆ ಅನ್ನೋ ನಂಬಿಕೆ! ಈ ಇಂಜಿನ್ನನ್ನು ನಾನೇ ಒಮ್ಮೆ ಹೆಚ್ಚುಕಡಿಮೆ ಕೊಂದಿದ್ದೆ. ಆ ಅನುಭವದ ಮೇಲೆ ನಾಲ್ಕು ಮಾತು.

ಮೊದಲು ಜಾತಕ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗ್ರಾಹಕರಿಗೆ ಕೀಲಿಕೈ ಕೊಟ್ಟರು. 2010ರ ಏಪ್ರಿಲ್‌ನಲ್ಲಿ ಬಿಎಸ್ 4 ನಿಯಮ ಬಂದಾಗ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಒಳಗಿದ್ದದ್ದು ಸುಜುಕಿಯ ಎಫ್8ಬಿ ಇಂಜಿನ್. 796 ಸಿಸಿ, ಮೂರು ಸಿಲಿಂಡರ್, ಸಿಲಿಂಡರಿಗೆ ಎರಡರಂತೆ ಆರು ವಾಲ್ವ್, ಮೇಲೊಂದು ಕ್ಯಾಮ್, ಅದನ್ನು ತಿರುಗಿಸೋಕೆ ಟೈಮಿಂಗ್ ಬೆಲ್ಟ್. ಬೋರ್ 68.5 ಮಿಲಿಮೀಟರ್, ಸ್ಟ್ರೋಕ್ 72 ಮಿಲಿಮೀಟರ್. ಎಂಪಿಎಫ್‌ಐ ಬಂದ ಮೇಲಿನ ಗಾಡಿಗಳಲ್ಲಿ 5000 ಆರ್‌ಪಿಎಂಗೆ 37 ಅಶ್ವಶಕ್ತಿ, 2500 ಆರ್‌ಪಿಎಂಗೆ 59 ನ್ಯೂಟನ್ ಮೀಟರ್ ಟಾರ್ಕ್. ಇವತ್ತಿನ ಲೆಕ್ಕದಲ್ಲಿ ಇದೇನೂ ಅಲ್ಲ. ಆದರೆ ಗಾಡಿಯ ತೂಕ 650 ಕೆಜಿ ಆಸುಪಾಸು ಅಷ್ಟೇ. ಹಾಗಾಗಿ ಸಾಕಿತ್ತು.

ಇನ್ನು ತೊಂದರೆಗಳು. ನಿಂತಾಗ ನಡುಗುತ್ತೆ ಅನ್ನೋದು ಎಲ್ಲರ ದೂರು. ಮೂರು ಸಿಲಿಂಡರಿನ ಇಂಜಿನ್ ಸ್ವಭಾವತಃ ಒಂದು ತುದಿಯಿಂದ ಇನ್ನೊಂದು ತುದಿಗೆ ತೂಗುತ್ತೆ, ಅದು ರೋಗ ಅಲ್ಲ. ನಡುಕ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮಾತ್ರ ಇಂಜಿನ್ ಮೌಂಟಿಂಗ್ ರಬ್ಬರ್ ನೋಡಿಸಿ, ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲವೇನೋ ನೋಡಿಸಿ. ಟಕಟಕ ಸದ್ದು ಬಂದರೆ ಟ್ಯಾಪೆಟ್ ಹೊಂದಿಸಬೇಕು. ಟ್ಯಾಪೆಟ್ ಕವರಿನ ಸುತ್ತ ಆಯಿಲ್ ಒಸರಿದರೆ ಅಲ್ಲಿನ ಗ್ಯಾಸ್ಕೆಟ್ ಗಟ್ಟಿಯಾಗಿದೆ ಅಂತ. ಹಳೇ ಕಾರ್ಬುರೇಟರ್ ಗಾಡಿಯಾದರೆ ಜೆಟ್‌ನಲ್ಲಿ ಕಸ, ಬೆಳಿಗ್ಗೆ ಚೋಕ್ ಎಳೆಯೋ ರಗಳೆ. ಟೈಮಿಂಗ್ ಬೆಲ್ಟನ್ನು ಕೈಪಿಡಿ ಹೇಳಿದ ಕಿಲೋಮೀಟರಿಗೆ ಬದಲಿಸದಿದ್ದರೆ ಒಂದು ದಿನ ಮುನ್ಸೂಚನೆಯಿಲ್ಲದೆ ನಡುರಸ್ತೆಯಲ್ಲಿ ನಿಲ್ಲಿಸುತ್ತೆ. ಬೆಲ್ಟಿಗೆ ವಯಸ್ಸೂ ಲೆಕ್ಕ, ಕಿಲೋಮೀಟರ್ ಮಾತ್ರ ಅಲ್ಲ.

ಇವೆಲ್ಲ ದುಡ್ಡು ಖರ್ಚು ಮಾಡಿಸುವ ತೊಂದರೆಗಳು, ಸಾಮಾನ್ಯವಾಗಿ ಕೊಲ್ಲುವಂಥವಲ್ಲ. ನಾನು ನೋಡಿದ ಮಟ್ಟಿಗೆ ಈ ಪುಟ್ಟ ಇಂಜಿನ್ನುಗಳನ್ನು ಕೊಲ್ಲುವುದು ನೀರು. ಹೌದು, ಬರೀ ನೀರು.

ನಮ್ಮದು 2004ರ ಗಾಡಿ. ಅಪ್ಪ ನಿವೃತ್ತಿಯಾದಾಗ ಬಂದ ದುಡ್ಡಲ್ಲಿ ತಗೊಂಡಿದ್ದು. ಪೆಟ್ರೋಲ್ ಹಾಕಿಸಿದ್ದನ್ನೆಲ್ಲ ಒಂದು ಡೈರಿಯಲ್ಲಿ ಬರೆದಿಡುತ್ತಿದ್ದರು. ಅದರಲ್ಲೇ ಎರಡು ವರ್ಷಕ್ಕೊಮ್ಮೆ "ಕೂಲಂಟ್ ಬದಲು" ಅಂತ ಕೆಂಪು ಶಾಯಿಯಲ್ಲಿ ಬರೆದಿರೋದು. ಅವರ ಕಣ್ಣು ಮಂಜಾಗಿ ಗಾಡಿ ನನ್ನ ಕೈಗೆ ಬಂದ ಮೇಲೆ ಡೈರಿ ಬೀರು ಸೇರಿತು. ರೇಡಿಯೇಟರಿಗೆ ನೀರು ಕಡಿಮೆಯಾದರೆ ಮನೆ ನಲ್ಲಿಗೆ ಪೈಪು ಹಾಕಿ ತುಂಬಿಸುತ್ತಿದ್ದೆ. ಬೆಂಗಳೂರಿನ ಬೋರ್‌ವೆಲ್ ನೀರು! ಬಕೆಟ್ಟಿನ ಅಂಚಲ್ಲಿ ಬಿಳಿ ಗೆರೆ ಕಟ್ಟುವ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಏನು ಕಟ್ಟೀತು ಅನ್ನೋ ಯೋಚನೆ ಬರಲೇ ಇಲ್ಲ.

ಅದರ ಮೇಲೆ ಇನ್ನೊಂದು. ಬಡಾವಣೆಯ ಒಂದು ಗ್ಯಾರೇಜಿನಲ್ಲಿ "ನಮ್ಮ ದೇಶದ ಬಿಸಿಲಿಗೆ ಇದೆಲ್ಲ ಬೇಡ ಸಾರ್" ಅಂತ ಥರ್ಮೋಸ್ಟಾಟ್ ಕಿತ್ತುಹಾಕಿದರು. ನಾನೂ ಹೂಂ ಅಂದೆ. ಥರ್ಮೋಸ್ಟಾಟ್ ಅಂದರೆ ಒಂದು ಬಾಗಿಲು. ಇಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು, ನೀರು ಎಂಬತ್ತು ಚಿಲ್ಲರೆ ಡಿಗ್ರಿ ಮುಟ್ಟಿದ ಮೇಲೆ ರೇಡಿಯೇಟರಿನ ಕಡೆ ಬಿಡುತ್ತೆ. ಅದನ್ನು ಕಿತ್ತರೆ ಇಂಜಿನ್ ಬೇಗ ಬೆಚ್ಚಗಾಗೋದೇ ಇಲ್ಲ. ಇನ್ನೂ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತೆ. ಉರಿಯದೆ ಉಳಿದ ಪೆಟ್ರೋಲ್ ಇಂಜಿನ್ ಆಯಿಲ್ಲಿಗೆ ಇಳಿಯುತ್ತೆ. ಎಷ್ಟು ಕೊಡುತ್ತೆ ಅಂತ ತಲೆ ಕೆಡಿಸಿಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು: ಥರ್ಮೋಸ್ಟಾಟ್ ಇದೆಯಾ?

ಇದಕ್ಕಿಂತ ದೊಡ್ಡ ನಷ್ಟ ನನಗೆ ತಡವಾಗಿ ತಿಳಿಯಿತು. ಥರ್ಮೋಸ್ಟಾಟ್ ಇಲ್ಲದೆ ಟೆಂಪರೇಚರ್ ಮುಳ್ಳು ಯಾವಾಗಲೂ ಕೆಳಗೇ ಮಲಗಿರುತ್ತಿತ್ತು. ಆಹಾ, ಇಂಜಿನ್ ತಂಪಾಗಿದೆ ಅಂತ ಖುಷಿ. ಖುಷಿಯಲ್ಲಿ ಆ ಮುಳ್ಳನ್ನು ನೋಡೋದನ್ನೇ ಬಿಟ್ಟೆ.

ಒಂದು ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಕಡೆಯಿಂದ ಶಿರಾಡಿ ಘಾಟಿ ಹತ್ತಿ ವಾಪಸ್ ಬರುತ್ತಿದ್ದೆವು. ಹಿಂದಿನ ಸೀಟಲ್ಲಿ ಅಪ್ಪ ಅಮ್ಮ, ಎಸಿ ಬೇರೆ ಆನ್. ಮುಂದೆ ಲಾರಿ ಸಾಲು, ಆಮೆ ವೇಗ. ಪೆಟ್ರೋಲ್ ಉಳಿಸುವ ಜಾಣತನದಲ್ಲಿ ಮೂರನೇ ಗೇರಿನಲ್ಲೇ ಗೊರಗೊರ ಅನ್ನಿಸುತ್ತಾ ಹತ್ತಿಸುತ್ತಿದ್ದೆ. ಈ ಇಂಜಿನ್ನಿನ ಟಾರ್ಕ್ ಪೂರ್ತಿ ಸಿಗೋದು 2500ಕ್ಕೆ. ಅದಕ್ಕಿಂತ ತೀರಾ ಕೆಳಗೆ ಒದ್ದಾಡಿಸಿದರೆ ಬಿಸಿ ಜಾಸ್ತಿ, ಕೆಲಸ ಕಡಿಮೆ. ಅಪ್ಪ ಎರಡು ಸಲ "ಏನೋ ವಾಸನೆ ಬರ್ತಿದೆಯಲ್ಲೋ" ಅಂದರು. "ಲಾರಿ ಬ್ರೇಕಿಂದಪ್ಪ" ಅಂದೆ. ಬಾನೆಟ್ಟಿಂದ ಹಬೆ ಎದ್ದಾಗ ಮುಳ್ಳು ನೋಡಿದರೆ ಕೆಂಪು ದಾಟಿ ಕೂತಿತ್ತು.

ಗಾಡಿಯನ್ನು ಸಕಲೇಶಪುರಕ್ಕೆ ಎಳೆಸಿಕೊಂಡು ಹೋದೆವು. ಅಲ್ಲಿನ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಆಯಿಲ್ ಕಡ್ಡಿ ಎಳೆದು ತೋರಿಸಿದರು. ಹಾಲು ಹಾಕಿದ ಕಾಫಿ ಬಣ್ಣ. ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲ್ ಒಂದಾಗಿವೆ. ಫ್ಯಾನ್ ಸ್ವಿಚ್ ತುಕ್ಕು ಹಿಡಿದು ಫ್ಯಾನೇ ತಿರುಗಿರಲಿಲ್ಲ. ರೇಡಿಯೇಟರಿನ ಅರ್ಧ ಕೊಳವೆಗಳು ಸುಣ್ಣ ಕಟ್ಟಿ ಮುಚ್ಚಿದ್ದವು. ಅವರು ಕೇಳಿದ್ದು ಒಂದೇ: "ನೀರ್ ಹಾಕ್ತಿದ್ರಲ್ಲ ಸಾರ್, ಯಾವ್ ನೀರು?"

ನಾನು ಉತ್ತರ ಕೊಡಲಿಲ್ಲ. ಅಪ್ಪ ನನ್ನ ಮುಖ ನೋಡಿದರು, ಅಷ್ಟೇ.

ಕೆಳಗಿನ ಬ್ಲಾಕ್ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯುಮಿನಿಯಂ. ಬಿಸಿಗೆ ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ಮಿತಿ ಮೀರಿದರೆ ಸೊಟ್ಟಗಾಗುತ್ತೆ. ನಮ್ಮದೂ ಆಗಿತ್ತು. ಲೇತ್ ಅಂಗಡಿಯಲ್ಲಿ ಹೆಡ್ ಫೇಸಿಂಗ್ ಮಾಡಿಸಿ, ಗ್ಯಾಸ್ಕೆಟ್, ರೇಡಿಯೇಟರ್, ಫ್ಯಾನ್ ಸ್ವಿಚ್ಚು, ಹೊಸ ಥರ್ಮೋಸ್ಟಾಟ್ ಎಲ್ಲ ಹಾಕಿಸೋ ಹೊತ್ತಿಗೆ ಗುಜರಿಯವನು ಗಾಡಿಗೆ ಹೇಳಿದ್ದ ಬೆಲೆಗೆ ಹತ್ತಿರ ಬಂತು. ಗುಜರಿಗೆ ಕೊಟ್ಟುಬಿಡಿ ಅಂದವರೇ ಹೆಚ್ಚು. ಆದರೆ ಸತ್ತದ್ದು ಗಾಡಿಯ ತಪ್ಪಿಂದ ಅಲ್ಲವಲ್ಲ. ನನ್ನ ಸೋಮಾರಿತನಕ್ಕೆ ಅಪ್ಪನ ಗಾಡಿಯನ್ನು ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ. ಗಾಡಿ ಇವತ್ತಿಗೂ ಓಡುತ್ತಿದೆ. ಡೈರಿಯೂ ಬೀರುವಿಂದ ಹೊರಗೆ ಬಂದಿದೆ.

"ಕೂಲಂಟ್ ಎಲ್ಲ ಕಂಪನಿಯವರು ದುಡ್ಡು ಮಾಡೋ ದಾರಿ, ಅಂಬಾಸಿಡರ್ ಕಾಲದಲ್ಲಿ ಕೆರೆ ನೀರೇ ಹಾಕ್ತಿದ್ವಿ" ಅನ್ನುವವರಿದ್ದಾರೆ. ಹಳೇ ದಪ್ಪ ರೇಡಿಯೇಟರಿನ ಧೈರ್ಯವನ್ನು ಸಪೂರ ಕೊಳವೆಗಳ ಪುಟ್ಟ ರೇಡಿಯೇಟರಿನ ಮೇಲೆ ತೋರಿಸಬಾರದು. ಕೂಲಂಟ್ ಇರೋದು ಚಳಿಗೆ ಮಾತ್ರ ಅಲ್ಲ. ತುಕ್ಕು ತಡೆಯುತ್ತೆ, ಕುದಿಯುವ ಬಿಂದು ಏರಿಸುತ್ತೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ತೆರೆದ ಪಾತ್ರೆಯ ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತೆ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಟು ಅದನ್ನು ನೂರರಾಚೆ ತಳ್ಳುತ್ತೆ. ಅದಕ್ಕೇ ಮುಚ್ಚಳದ ರಬ್ಬರ್ ಹೋಗಿದ್ದರೆ ಬದಲಿಸಿ, ಬಿಸಿ ಇರುವಾಗ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ಮುಖ ಬೇಯುತ್ತೆ.

ದಾರಿಯಲ್ಲಿ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಹೀಟರ್ ಇದ್ದರೆ ಪೂರ್ತಿ ಹಾಕಿ, ಜಾಗ ನೋಡಿ ನಿಲ್ಲಿಸಿ. ಇಂಜಿನ್ ಪೂರ್ತಿ ತಣಿದ ಮೇಲೆ ಸಿಕ್ಕಿದ ನೀರು ಹಾಕಿ ಊರು ಸೇರಿ, ತಪ್ಪಿಲ್ಲ. ಊರಿಗೆ ಬಂದು ಅದನ್ನು ಖಾಲಿ ಮಾಡಿ ತೊಳೆಸಿ ಕೂಲಂಟ್ ತುಂಬಿಸದಿದ್ದರೆ ತಪ್ಪು.

ಕುಡಿಸೋ ಮಾತು ಬಂತು, ಪೆಟ್ರೋಲ್ ಬಗ್ಗೆಯೂ ಒಂದು ಮಾತು. 2025ರಿಂದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುತ್ತಿರೋದು ಶೇ. 20 ಎಥೆನಾಲ್ ಬೆರೆತದ್ದು. ಎಥೆನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇಪ್ಪತ್ತರ ಮೂರನೇ ಒಂದು ಅಂದರೆ ಶೇ. 6-7 ಕಡಿಮೆ. 18 ಕೊಡುತ್ತಿದ್ದ ಗಾಡಿ 17ರ ಕೆಳಗೆ ಇಳಿದರೆ ಇಂಜಿನ್ ಬೈಯಬೇಡಿ. ಹಳೇ ಗಾಡಿಯ ಪೆಟ್ರೋಲ್ ಪೈಪಿನ ರಬ್ಬರ್ ಇದಕ್ಕಾಗಿ ಮಾಡಿದ್ದಲ್ಲ. ಬಿರುಕು, ಒಸರು, ವಾಸನೆ ಇದ್ದರೆ ಕೂಡಲೇ ಬದಲಿಸಿ.

ಇತ್ತೀಚಿನ ಎಷ್ಟೋ ಸಣ್ಣ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕೆಟ್ಟರೆ ಕೆಂಪು ದೀಪ. ಅದರ ಬದಲು ಮೈಲೇಜ್ ಅಂಕಿ ಮಾತ್ರ ಕಣ್ಣೆದುರಿಗೇ ಕುಣಿಯುತ್ತಿರುತ್ತೆ. ನಾವು ಕೇಳಿದ್ದನ್ನೇ ಅವರೂ ಕೊಟ್ಟಿದ್ದಾರೆ ಬಿಡಿ :-)

ಗೆಳೆಯನಿಗೆ ಹೇಳಿದ್ದು ಇಷ್ಟೇ. ಗಾಡಿ ನೋಡೋಕೆ ಬೆಳಿಗ್ಗೆ ಹೋಗು, ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡು. ಹಸಿರೋ ಕೆಂಪೋ ಕೂಲಂಟ್ ಇದ್ದರೆ ಮಾತು ಮುಂದುವರಿಸು. ಕಂದು ನೀರಿದ್ದರೆ, ಎಷ್ಟೇ ಕೊಡಲಿ, ನಮಸ್ಕಾರ ಹೇಳಿ ಬಾ. ಮಗಳಿಗೆ ಕ್ಲಚ್ಚು ಬ್ರೇಕು ಕಲಿಸೋದಕ್ಕೆ ಮೊದಲು ಆ ಮುಳ್ಳು ನೋಡೋದನ್ನ ಕಲಿಸು.

ನಿಮ್ಮ ಗಾಡಿ ಏನು ಕುಡೀತಿದೆ? ನಾಳೆ ಬೆಳಿಗ್ಗೆ ಒಮ್ಮೆ ಬಾನೆಟ್ ಎತ್ತಿ ನೋಡಿ.