ಹಾರ್ಡ್ ಡಿಸ್ಕ್ ಅದುಮಿದ್ರೆ ಜಾಗ ಬರುತ್ತಾ?

ಮದುವೆ ಸೀಜನ್ ಮುಗೀತು ನೋಡ್ರಿ, ಎಲ್ಲರ ಮನೆ ಕಂಪ್ಯೂಟರೂ ತುಂಬಿ ಕೂತಾವೆ. ಡ್ರೈವಿನ ಗೀಟು ಕೆಂಪಗಾಗೈತೆ ಅಂತ ವಾರಗಿತ್ತಿ ಫೋನ್ ಮಾಡಿದ್ಲು. ಹಿಂದ್ಲ ಬೀದಿ ಅಕ್ಕ ಹಿಟ್ಟಿನ ಗಿರಣಿ ಹತ್ರ ನಿಲ್ಲಿಸ್ಕೊಂಡು ಅದನ್ನೇ ಕೇಳಿದ್ರು. ಇಬ್ಬರಿಗೂ ಯಾರೋ ಒಂದೇ ಉಪಾಯ ಹೇಳ್ಯಾರೆ: ಡ್ರೈವಿನ ಮ್ಯಾಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆಗೆದು, ಕಂಪ್ರೆಸ್ ಅಂತ ಇರೋ ಚೌಕಕ್ಕೆ ಗುರುತು ಹಾಕಿಬಿಟ್ರೆ ಆತು, ಅರ್ಧಕ್ಕರ್ಧ ಜಾಗ ಸಿಗುತ್ತೆ, ಕಾಸು ಖರ್ಚಿಲ್ಲ ಅಂತ. ನನ್ನ ಕೇಳಿದ್ರೆ ಮನೆ ಕಂಪ್ಯೂಟರಿಗೆ ಈ ಕೆಲಸ ಬ್ಯಾಡ. ಯಾಕೆ ಅಂತ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗೆ ಸೇರಿದ್ದು.

ಅದುಮೋದು ಅಂದ್ರೆ ಏನು ಅಂತ ಮೊದ್ಲು ನೋಡಾಣ. ನಮ್ಮ ಸಂಘದ ಲೆಕ್ಕದ ಪುಸ್ತಕ ನೆನಪು ಮಾಡ್ಕೊಳ್ರಿ. ಮೊದಲ್ನೇ ಸಾಲಿನಾಗೆ "ವಾರದ ಉಳಿತಾಯ ನೂರು ರೂಪಾಯಿ" ಅಂತ ಬರೀತೀವಿ, ಕೆಳಗೆ ಉಳಿದವರ ಹೆಸರಿನ ಮುಂದೆ ಬರೇ "ಸದರಿ" ಅಂತ ಹಾಕ್ತೀವಿ. ಓದೋವಾಗ ಪೂರ್ತಿ ಓದ್ಕೊಂತೀವಿ, ಒಂದು ಪೈಸೆ ಲೆಕ್ಕ ತಪ್ಪಲ್ಲ. ಕಂಪ್ಯೂಟರ್ ಮಾಡೋದೂ ಇಷ್ಟೇಯ. ಒಂದೇ ಥರದ್ದು ಎರಡನೇ ಸಲ ಬಂದ್ರೆ "ಮೇಲೆ ಬಂದಂಗೆ" ಅಂತ ಗುರುತು ಹಾಕಿ ಜಾಗ ಉಳಿಸುತ್ತೆ, ತೆಗೆದಾಗ ಮತ್ತೆ ಬಿಡಿಸಿ ತೋರಿಸುತ್ತೆ. ವಾಟ್ಸಾಪಿನಾಗೆ ಕಳಿಸಿದ ಫೋಟೊ ಮಸುಕಾಗುತ್ತಲ್ಲ, ಅದು ಬ್ಯಾರೆ ವಿಷಯ. ಅಲ್ಲಿ ಚಿತ್ರದ ಗುಣಾನೇ ಕಡಿಮೆ ಮಾಡಿ ಕಳಿಸ್ತಾರೆ. ವಿಂಡೋಸಿನ ಈ ಕಂಪ್ರೆಸ್‌ನಿಂದ ಫೋಟೊ ಕೆಡಲ್ಲ, ಆ ಹೆದರಿಕೆ ಬ್ಯಾಡ.

ಕನ್ನಡದಾಗೆ ಬರೆದಿಟ್ಟಿದ್ದು ಚೆನ್ನಾಗಿ ಕುಗ್ಗುತ್ತೆ, ಇದು ನನಗೆ ಭಾಳ ಇಷ್ಟವಾದ ಸಂಗತಿ. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟ್ ಸಾಕು. ಯೂನಿಕೋಡಿನ ಯುಟಿಎಫ್-8 ಲೆಕ್ಕದಾಗೆ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ 3 ಬೈಟ್ ಬೇಕು. "ಅಮ್ಮ" ಅಂತ ಬರೆದ್ರೆ ಒತ್ತಕ್ಷರದ ಚಿಹ್ನೆ ಸೇರಿ 12 ಬೈಟ್ ಆಗುತ್ತೆ. ಆದ್ರೆ ಪ್ರತಿ 3ರಾಗೂ ಮೊದಲ್ನೇ ಬೈಟ್ ಒಂದೇ, ಹಂಗಾಗಿ ಸದರಿ ಸದರಿ ಅಂತ ಹಾಕೋಕೆ ದಂಡಿಯಾಗಿ ಸಿಗುತ್ತೆ.

ಹಂಗಾದ್ರೆ ಅದುಮಿಬಿಡಾಣ ಅಂತೀರಾ? ನಿಮ್ಮ ಡಿಸ್ಕ್ ತುಂಬಿರೋದು ಬರವಣಿಗೆಯಿಂದ ಅಲ್ಲ ಕಣ್ರಮ್ಮಾ. ಒಬ್ಬರ ಜನ್ಮದ ಹಾಲಿನ ಲೆಕ್ಕ, ಚೀಟಿ ಲೆಕ್ಕ, ಹಾಡು ಹಸೆ ಎಲ್ಲಾ ಟೈಪ್ ಮಾಡಿಟ್ರೂ ಒಂದು ಮದುವೆ ವಿಡಿಯೋದ ಮೂಲೆಗೆ ಸಾಲಲ್ಲ. ತುಂಬಿರೋದು ಜೆಪೆಗ್ ಫೋಟೊ, ಎಂಪಿ4 ವಿಡಿಯೋ, ಎಂಪಿ3 ಹಾಡು. ಇವೆಲ್ಲ ಹುಟ್ಟುವಾಗ್ಲೇ ಅದುಮಿಸ್ಕೊಂಡು ಹುಟ್ಟಿರೋವು. ಹತ್ತಿ ಗೊತ್ತಲ್ಲ ನಿಮಗೆ. ಅರಳೆ ಚೀಲದಾಗೆ ತುಂಬಿದ್ರೆ ಕಾಲಾಕಿ ತುಳಿದು ಇನ್ನಷ್ಟು ತುಂಬಬಹುದು. ಅದೇ ಪ್ರೆಸ್ಸಿಗೆ ಹೋಗಿ 170 ಕೆಜಿ ಬೇಲ್ ಆಗಿ ಬಂದ ಮ್ಯಾಲೆ, ಮನೆಮಂದಿಯೆಲ್ಲ ಹತ್ತಿ ಕುಣಿದ್ರೂ ಒಂದು ಅಂಗುಲ ತಗ್ಗಲ್ಲ. ಫೋಟೊ, ವಿಡಿಯೋ ಅಂದ್ರೆ ಬೇಲ್ ಹತ್ತಿ. 2007ರಿಂದ ಈಚಿನ ವರ್ಡ್, ಎಕ್ಸೆಲ್‌ನ ಹೊಸ ನಮೂನೆ ಫೈಲೂ ಹಂಗೇ, ಒಳಗೇ ಜಿಪ್ ಆಗಿರ್ತಾವೆ.

ನನ್ನ ಮಾತು ನಂಬ್ಲೇಬೇಕು ಅಂತಿಲ್ಲ. ಫೋಟೊ ಇರೋ ಒಂದು ಸಣ್ಣ ಫೋಲ್ಡರ್ ಮಾತ್ರ ಕಂಪ್ರೆಸ್ ಮಾಡಿ, ಪ್ರಾಪರ್ಟೀಸ್ ನೋಡ್ರಿ. "ಸೈಜ್" ಅಂತ ಒಂದು, "ಸೈಜ್ ಆನ್ ಡಿಸ್ಕ್" ಅಂತ ಇನ್ನೊಂದು ಇರುತ್ತೆ. ಎರಡಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟೇ ನಿಮಗೆ ದಕ್ಕಿದ್ದು.

ಇಷ್ಟಕ್ಕೆ ತೆರಬೇಕಾದ್ದು ಏನು? ತುಂಬಿದ ಹಳೇ ಡಿಸ್ಕ್ ಪೂರ್ತಿ ಅದುಮೋಕೆ ತಾಸುಗಟ್ಲೆ ಹಿಡಿಯುತ್ತೆ. ದುರ್ಗದ ಗುಡ್ಡದ ಮ್ಯಾಲೆ ಅಷ್ಟೊಂದು ಫ್ಯಾನು ತಿರುಗಿದ್ರೂ ನಮ್ಮ ಬೀದಿ ಕರೆಂಟ್ ಯಾವಾಗ ಹೋಗುತ್ತೋ ಹೇಳೋರಿಲ್ಲ. ಯುಪಿಎಸ್ ಇಲ್ಲದ ಮನೆಯಾಗೆ ಡಿಸ್ಕ್ ಮ್ಯಾಲೆ ಅಂಥಾ ಕೆಲಸ ನಡೆಯೋವಾಗ ಕರೆಂಟ್ ಹೋದ್ರೆ ನನಗಂತೂ ಎದೆ ಡವಡವ ಅನ್ನುತ್ತೆ. ಆಮೇಲೆ ಫೈಲ್ ತೆಗೆದಾಗೆಲ್ಲ ಬಿಡಿಸೋ ಕೆಲಸ ಬ್ಯಾರೆ, ಮೊದ್ಲೇ ನಿಧಾನದ ಮಿಷನ್ನಿಗೆ ಅದೊಂದು ಹೊರೆ. ಪೆನ್ ಡ್ರೈವಿಗೆ ಕಾಪಿ ಮಾಡಿದ್ರೆ ಮತ್ತೆ ಮೊದಲಿನಷ್ಟೇ ದಪ್ಪ ಆಗುತ್ತೆ, ಯಾಕಂದ್ರೆ ಸಾಮಾನ್ಯ ಪೆನ್ ಡ್ರೈವುಗಳ ನಮೂನೇನೇ ಬ್ಯಾರೆ.

ಒಂದು ಕಾಲದಾಗೆ ಇದಕ್ಕೆ ಬೆಲೆ ಇತ್ತು. 1993ರಾಗೆ ಮೈಕ್ರೋಸಾಫ್ಟ್‌ನೋರು ಡಾಸ್ 6ರ ಜೊತೆ ಡಬಲ್‌ಸ್ಪೇಸ್ ಅಂತ ಕೊಟ್ರು, ಹೆಸರಿನಾಗೇ ಎರಡರಷ್ಟು ಜಾಗ! ಅವಾಗ ಡಿಸ್ಕ್ ಸಣ್ಣದು, ಬೆಲೆ ದೊಡ್ಡದು, ಒಳಗಿದ್ದಿದ್ದೂ ಜಾಸ್ತಿ ಬರವಣಿಗೇನೇ. ಸ್ಟ್ಯಾಕ್ ಅನ್ನೋ ಕಂಪನಿ ಇದು ನಮ್ಮ ಪೇಟೆಂಟು ಅಂತ ಕೋರ್ಟಿಗೆ ಹೋಗಿ, 1994ರಾಗೆ ಜ್ಯೂರಿ 12 ಕೋಟಿ ಡಾಲರ್ ಪರಿಹಾರ ಕೊಡಿಸ್ತು. ಜಾಗಕ್ಕೆ ಅಷ್ಟು ಬೆಲೆ ಇದ್ದ ಕಾಲ ಅದು. ಈವಾಗ ಕುಗ್ಗೋ ಸಾಮಾನು ಕಡಿಮೆ, ಡಿಸ್ಕೂ ಅಗ್ಗ.

ನನಗೆ ಸಂಕಟ ಆಗೋದು ಇನ್ನೊಂದಕ್ಕೆ. ಜಾಗ ಆತು ಅಂತ ಸಮಾಧಾನ ಮಾಡ್ಕೊಂಡು, ಎರಡನೇ ಡಿಸ್ಕ್ ತಗೊಳ್ಳೋ ಮಾತನ್ನ ಮನೇರು ಮುಂದಕ್ಕೆ ಹಾಕ್ತಾರೆ. ವಾರಗಿತ್ತಿ ಕಂಪ್ಯೂಟರಿನಾಗೆ ನಮ್ಮತ್ತೆ ಸೋಬಾನೆ ಹೇಳಿದ ವಿಡಿಯೋ ಐತೆ. ಅವ್ರು ಹೋಗಿ ನಾಲ್ಕು ವರ್ಷ ಆತು, ಆ ದನಿ ಇನ್ನೆಲ್ಲೂ ಇಲ್ಲ. ತುಂಗಭದ್ರೆ ನೀರು ಪೈಪಿನಾಗೆ ನಮ್ಮ ಕೆರೆಗೆ ಬಂದಾಗ ತೆಗೆದ ಫೋಟೊಗಳೂ ಅಲ್ಲೇ ಅದಾವೆ. ಡಿಸ್ಕ್ ಕೆಟ್ಟ ದಿನ ಅದುಮಿದ್ದೂ ಹೋಗುತ್ತೆ, ಅದುಮದೇ ಇದ್ದದ್ದೂ ಹೋಗುತ್ತೆ. ಇಂಥಾವು ಎರಡು ಕಡೆ ಇರ್ಬೇಕು. ಅದಕ್ಕೆ ಖರ್ಚು ಮಾಡೋಕೆ ಮನೆ ಗಂಡಸರು ಹಿಂದೆ ಮುಂದೆ ನೋಡಿದ್ರೆ, ಒಂದು ಸೀರೆ ಕಡಿಮೆ ತಗೊಂಡ್ರೂ ಸೈ ಅಂತೀನಿ ನಾನು.

ಜಾಗ ಇವತ್ತೇ ಬೇಕಾ? ಡಿಸ್ಕ್ ಕ್ಲೀನಪ್ ಒತ್ತಿ, ರೀಸೈಕಲ್ ಬಿನ್ ಖಾಲಿ ಮಾಡ್ರಿ. ಫೋನಿನಿಂದ ಸುರಿದ ಗುಡ್ ಮಾರ್ನಿಂಗ್ ಚಿತ್ರ, ಒಂದೇ ವಿಡಿಯೋದ ಮೂರು ಕಾಪಿ ಹುಡುಕಿ ಅಳಿಸ್ರಿ. ಕಂಪ್ರೆಸ್ ಮಾಡ್ಲೇಬೇಕು ಅಂತ ಕೈ ತುರಿಸಿದ್ರೆ, ಸಂಘದ ಹಳೇ ಟೆಕ್ಸ್ಟ್ ಫೈಲಿನ ಫೋಲ್ಡರ್ ಒಂದಕ್ಕೆ ಮಾಡ್ಕೊಳ್ರಿ, ಅಲ್ಲಿ ನಿಜವಾಗ್ಲೂ ಕುಗ್ಗುತ್ತೆ. ಹೊಸ ಡಿಸ್ಕಿನ ಮ್ಯಾಲೆ 500 ಜಿಬಿ ಅಂತ ಬರೆದಿದ್ದು ಒಳಗೆ 465 ತೋರಿಸಿದ್ರೆ ಅಂಗಡಿಯವನ ಜೊತೆ ಜಗಳ ಬ್ಯಾಡ. ತಯಾರಿಸೋರು ಸಾವಿರದ ಲೆಕ್ಕದಾಗೆ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಾಗೆ.

ವಾರಗಿತ್ತಿ ಬುಧವಾರ ದುರ್ಗಕ್ಕೆ ಹೊಂಟಾಳೆ, ಹೊರಗಿಂದ ಹಾಕೋ ಡಿಸ್ಕ್ ತರೋಕೆ. ಬೇಕಾದೋರು ಮಂಗಳವಾರ ಸಂಜೆ ಒಳಗೆ ಅವಳಿಗೆ ಹೇಳ್ರಿ.